ಹಳೇ ಕ್ವಾರಿಯ ಹಸಿರನ್ನು ಡ್ರೋನ್‌ನಿಂದ ಅಳೆಯುವುದು: ನನ್ನ ಅನುಭವ

ಆನೇಕಲ್ ಕಡೆ ಕೆಲಸ ನಿಂತುಹೋದ ಒಂದು ಕಲ್ಲು ಕ್ವಾರಿ ಇದೆ. ಅಲ್ಲಿ ಗಿಡಮರ ಮತ್ತೆ ಹೇಗೆ ಬರುತ್ತಿದೆ ಅಂತ ನಾನು ಡ್ರೋನ್ ಹಾರಿಸಿ ನೋಡುತ್ತಾ ಬಂದಿದ್ದೇನೆ. ಬೆಂಗಳೂರಿನ ಮನೆಗಳಿಗೆ ಜಲ್ಲಿ, ಎಂ ಸ್ಯಾಂಡ್ ಬಂದಿದ್ದು ಇಂಥ ಗುಂಡಿಗಳಿಂದಲೇ. ಆ ಋಣ ನಮ್ಮ ಮೇಲಿದೆ ಅಂತ ನಾನು ನಂಬಿದ್ದೇನೆ. ಗಣಿ ಕೆಲಸ ಮುಗಿದ ಜಾಗದಲ್ಲಿ ಹುಲ್ಲು ಬೆಳೆಸಬೇಕು ಅನ್ನುವ ಷರತ್ತನ್ನು ಗುತ್ತಿಗೆಯಲ್ಲಿ ಸೇರಿಸಿ ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಕೇಂದ್ರಕ್ಕೆ ಹೇಳಿತ್ತು. ಆದರೆ ಬೆಳೆಯಿತೋ ಇಲ್ಲವೋ ಅಂತ ಯಾರಾದರೂ ನೋಡಬೇಕಲ್ವಾ?

ನಮ್ಮೂರಲ್ಲಿ ಹಾರಿಸುವ ಮುಂಚೆ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು. ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು, ಎಲ್ಲೆಡೆ ರನ್‌ವೇ ಇದೆ. ಆ ನಕ್ಷೆಯ ಹಸಿರು ವಲಯದಲ್ಲಿ ಅನುಮತಿ ಕೇಳದೆ 120 ಮೀಟರ್ ಎತ್ತರದವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ನಡುವೆ ಇದ್ದರೆ 60 ಮೀಟರ್ ಮಾತ್ರ.

ನಾನು 60 ಮೀಟರ್‌ನಲ್ಲೇ ಹಾರಿಸುತ್ತೇನೆ. ಕಣ್ಣಿಗೆ ಕಾಣದ ಬೆಳಕನ್ನೂ ಹಿಡಿಯುವ ನನ್ನ ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾದಲ್ಲಿ ಆಗ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ ಸುಮಾರು 3 ಸೆಂ.ಮೀ. ಚಿಕ್ಕ ಸಸಿಯೂ ಕಾಣುತ್ತದೆ. ಕ್ವಾರಿಯ ತೊಡಕು ಬೇರೆ. ಗುಂಡಿಯ ತಳ ಆಳದಲ್ಲಿರುತ್ತದೆ, ಡ್ರೋನ್ ಒಂದೇ ಮಟ್ಟದಲ್ಲಿ ಹೋದರೆ ತಳದ ಚಿತ್ರ ಮಸುಕಾಗುತ್ತದೆ. ಅದಕ್ಕೇ ಮೊದಲು ಎತ್ತರದ ನಕ್ಷೆ ಮಾಡಿಕೊಂಡು, ನೆಲದ ಏರಿಳಿತಕ್ಕೆ ತಕ್ಕಂತೆ ಹಾರಿಸುತ್ತೇನೆ. ನೇರ ಕೆಳಗೆ ನೋಡುವ ಕ್ಯಾಮೆರಾಕ್ಕೆ ಬಂಡೆಯ ಗೋಡೆ ಸಿಗುವುದಿಲ್ಲ. ಅರಳಿ, ಅತ್ತಿ ಬೇರೂರುವುದು ಆ ಗೋಡೆಯ ಬಿರುಕುಗಳಲ್ಲೇ. ಅವಕ್ಕೆ ಕ್ಯಾಮೆರಾ ಓರೆ ಮಾಡಿ ಇನ್ನೊಂದು ಸುತ್ತು ಬೇಕು. ಅಲ್ಲಿ ಕೊಂಬಿನ ಗೂಬೆಯ ಗೂಡಿದ್ದರೆ ಹತ್ತಿರ ಹೋಗಬೇಡಿ.

ಚಿತ್ರಗಳನ್ನು ಓಪನ್‌ಡ್ರೋನ್‌ಮ್ಯಾಪ್‌ನಲ್ಲಿ ಜೋಡಿಸಿ, ಕ್ಯೂಜಿಐಎಸ್‌ನಲ್ಲಿ ಎನ್‌ಡಿವಿಐ, ಅಂದರೆ ಹಸಿರು ಎಷ್ಟಿದೆ ಅಂತ ಹೇಳುವ ಅಂಕಿ, ತೆಗೆಯುತ್ತೇನೆ. ಎರಡೂ ಉಚಿತ ಸಾಫ್ಟ್‌ವೇರ್. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜಾಸ್ತಿ ಹಿಂದಕ್ಕೆ ಕಳಿಸುತ್ತದೆ. ಆ ವ್ಯತ್ಯಾಸವೇ ಈ ಲೆಕ್ಕ. ಹಸಿರು ಹೆಚ್ಚಿದಷ್ಟೂ ಅಂಕಿ 1ರ ಹತ್ತಿರ ಹೋಗುತ್ತದೆ.

ಇಲ್ಲಿಂದ ಮುಂದೆ ತುಂಬಾ ಎಚ್ಚರ ಬೇಕು. ಈ ಅಂಕಿಗೆ ಹೊರಗಿನಿಂದ ಬಂದ ಕಳೆ ಪೊದೆ ಲಂಟಾನ, ನಮ್ಮ ಹೊಂಗೆ ಎರಡೂ ಹಸಿರೇ. ನಮ್ಮ ಕ್ವಾರಿಯ ಪೂರ್ವದ ಅಂಚು ನಕ್ಷೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಅಲ್ಲಿ ಕುರಿ ಮೇಯಿಸುವ ಅಜ್ಜನನ್ನು ಕೇಳಿದೆ. "ಅದ್ಯಾಕೆ ನೋಡ್ತೀರಾ ಸ್ವಾಮಿ, ಬರೀ ಲಂಟಾನ. ಕುರಿನೂ ಬಾಯಿ ಹಾಕಲ್ಲ" ಅಂದರು. ನಡೆದು ನೋಡಿದರೆ ಪೊದೆಯ ಕೆಳಗೆ ಹುಲ್ಲಿನ ಸುಳಿವಿಲ್ಲ. ಪಶ್ಚಿಮದಲ್ಲಿ ನಕ್ಷೆ ತೆಳು ಹಸಿರು ತೋರಿಸಿದ್ದ ಕಡೆ ತಂಗಡಿ, ಬಂದರಿಕೆ, ನಡುನಡುವೆ ಬೇವಿನ ಸಸಿಗಳು. ನನ್ನ ಪ್ರಕಾರ ನಿಜವಾದ ಚೇತರಿಕೆ ಅಲ್ಲಿದೆ.

ಹಾಗಾಗಿ ಒಂದೇ ಕಾಲದ ಚಿತ್ರ ನಂಬಬಾರದು. ಮಳೆ ಮುಗಿದ ನವೆಂಬರ್‌ನಲ್ಲಿ ಪಾರ್ಥೇನಿಯಂ ಕಳೆ ಕೂಡ ಕಾಡಿನ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ನೀಲಗಿರಿ ಹಸಿರಾಗೇ ಇರುತ್ತದೆ, ಎಲೆ ಉದುರಿಸಿದ ಕಕ್ಕೆ ಸತ್ತಂತೆ ಕಾಣುತ್ತದೆ. ಎರಡೂ ಕಾಲದಲ್ಲಿ ಹಾರಿಸಿ, ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಬೇಕು. ಜೊತೆಗೆ ನೆಲದ ಮೇಲೆ ಕೆಲವು ಚೌಕಗಳನ್ನು ಗುರುತಿಸಿ, ಅಲ್ಲಿನ ಗಿಡಗಳ ಹೆಸರು ಬರೆದುಕೊಳ್ಳಬೇಕು. ಡ್ರೋನ್ ಕೊಂಡವರು ಈ ನಡಿಗೆಯನ್ನೇ ಬಿಡುತ್ತಾರೆ, ನನಗೆ ಬೇಜಾರಾಗುವುದು ಅದಕ್ಕೇ.

ಈಗ ಲಂಟಾನ ಇರುವ ಜಾಗವನ್ನು ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿ, ದೊಡ್ಡ ಪ್ರಿಂಟ್ ತೆಗೆದು ಊರಿನವರ ಮುಂದೆ ಇಡುತ್ತೇನೆ. ಮುಂಗಾರಿಗೆ ಮುಂಚೆ ಎಲ್ಲಿ ಕಿತ್ತರೆ ಪಕ್ಕದ ಬೇವಿನ ಸಸಿಗಳಿಗೆ ಜಾಗ ಸಿಗುತ್ತದೆ ಅಂತ ಅವರೇ ಬೆರಳಿಟ್ಟು ತೋರಿಸುತ್ತಾರೆ.