ಹುಬ್ಬಳ್ಳಿಯ ಶೆಡ್ಡಿನಲ್ಲಿ ಸರ್ಫ್ ಬೋರ್ಡ್: ಬ್ಯಾಡಗಿ ಥರ್ಮಾಕೋಲ್, ಗುಳೇದಗುಡ್ಡದ ಖಣ

ಹೋದ ಜನವರಿಯಲ್ಲಿ ಗೋಕರ್ಣದಿಂದ ಅಳಿಯ ಫೋನ್ ಮಾಡಿದ. "ಮಾಮಾ, ನಿಮ್ಮ ಸರ್ಫ್ ಹಲಗಿ ಮ್ಯಾಲೆ ನಿಂತ್ರು ಆ ಬೆಂಗಳೂರ ಗಿರಾಕಿ. ಎರಡ ತಾಸಾತು, ಇನ್ನೂ ನೀರಿಂದ ಹೊರಗ ಬಂದಿಲ್ಲ." ನಾನಾಗ ಟ್ರ್ಯಾಕ್ಟರ್ ಮಡ್‌ಗಾರ್ಡಿಗೆ ತಗ್ಗು ತುಂಬೋ ಪುಟ್ಟಿ ಹಚ್ಚುತ್ತಿದ್ದೆ. ಎದುರು ಶೆಡ್ಡಿನ ಗೆಳೆಯನಿಗೂ ಕೇಳಲಿ ಅಂತ ಸ್ಪೀಕರ್ ಆನ್ ಮಾಡಿದೆ. ಅವನೂ ಫೈಬರ್ ಕೆಲಸದವನೇ. ಎರಡು ವರ್ಷದಿಂದ ಅವನದು ಒಂದೇ ಮಾತು: "ಹುಬ್ಬಳ್ಳ್ಯಾಗ ಕುಂತು ಸಮುದ್ರಕ್ಕ ಹಲಗಿ ಮಾಡ್ತಾನಂತ. ಮೊದ್ಲ ಉಣಕಲ್ ಕೆರಿಗೆ ಒಂದ್ ತೆರಿ ತಂದು ಬಿಡಪಾ." ಅವತ್ತು ಅವನು ಚಹಾ ಕೊಡಿಸಿದ. ನಾನು ಇದನ್ನು ಬರೆಯೋಕೆ ಕೂತೆ.

ನನ್ನದು ಗೋಕುಲ ರಸ್ತೆ ಕಡೆ ಒಂದು ತಗಡಿನ ಶೆಡ್. ಇಪ್ಪತ್ತು ವರ್ಷದ ಮೇಲಾಯಿತು. ಬಂಪರ್, ಟ್ಯಾಂಕಿನ ಮುಚ್ಚಳ, ಗಣಪತಿ ಮಂಟಪದ ಕಂಬ, ಅಂಗಡಿ ಮುಂದಿನ ಐಸ್‌ಕ್ರೀಮ್ ಕೋನು, ಎಲ್ಲ ಮಾಡಿದ್ದೇನೆ. ಸಮುದ್ರದಲ್ಲಿ ಮೊಣಕಾಲಿಗಿಂತ ಮೇಲೆ ಇಳಿದವನಲ್ಲ. ಅಕ್ಕನ ಮಗ, ಅದೇ ಆ ಅಳಿಯ, ಗೋಕರ್ಣದಲ್ಲಿ ಸರ್ಫಿಂಗ್, ಅಂದರೆ ಹಲಗೆ ಮೇಲೆ ನಿಂತು ಅಲೆಯಲ್ಲಿ ಜಾರುವ ಆಟ, ಕಲಿಸೋ ಕೆಲಸಕ್ಕೆ ಸೇರಿದ. ಸೇರಿದ ವರ್ಷವೇ ಒಡೆದ ಬೋರ್ಡುಗಳನ್ನು ಊರಿಗೆ ಹೊತ್ತುಕೊಂಡು ಬಂದ. ರಿಪೇರಿಗೆ ಒಂದಕ್ಕೆ ಏಳುನೂರೋ ಎಂಟುನೂರೋ ತಗೊಂಡೆ. ಒಂದು ಬೋರ್ಡು ನಡುವೆಯೇ ಮುರಿದು ಎರಡು ತುಂಡಾಗಿತ್ತು. ಒಳಗೆ ನೋಡಿದೆ. ಬಿಳಿ ಫೋಮು, ನಡುವೆ ಒಂದು ಕಟ್ಟಿಗೆ ಪಟ್ಟಿ, ಮೇಲೆ ತೆಳ್ಳಗೆ ಗ್ಲಾಸ್ ಬಟ್ಟೆ. ಇಷ್ಟೇನಾ ಅನಿಸಿತು. ಆ "ಇಷ್ಟೇನಾ"ಗೆ ನಾನು ಮುಂದೆ ತೆತ್ತಿದ್ದು ಹತ್ತಿರ ಹತ್ತಿರ ನಲವತ್ತೆರಡು ಸಾವಿರ.

ಮೊದಲು ಫೋಮಿನ ಕಥೆ ಹೇಳಿಬಿಡುತ್ತೇನೆ. ಹಳೆ ಪದ್ಧತಿಯ ಬೋರ್ಡಿನಲ್ಲಿ ಪಿಯು (ಪಾಲಿಯುರೆಥೇನ್) ಫೋಮು ಇರುತ್ತದೆ, ಮೇಲೆ ನಾವು ಫೈಬರ್ ಕೆಲಸಕ್ಕೆ ಬಳಸೋ ಪಾಲಿಯೆಸ್ಟರ್ ರೆಸಿನ್, ಅಂದರೆ ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟು. ಕ್ಯಾಲಿಫೋರ್ನಿಯಾದಲ್ಲಿ 1958ರ ಸುಮಾರಿಗೆ ಹೋಬಿ ಆಲ್ಟರ್, ಗಾರ್ಡನ್ ಕ್ಲಾರ್ಕ್ ಅನ್ನೋರು ಈ ಪದ್ಧತಿ ಕೂಡಿಸಿದರು. ಅದಕ್ಕೂ ಮುಂಚೆ ಬಾಲ್ಸಾ ಅನ್ನೋ ಹಗುರ ಕಟ್ಟಿಗೆ. ಆಮೇಲೆ ಅಮೆರಿಕದಲ್ಲಿ ಕೈಯಿಂದ ಬೋರ್ಡ್ ಕೆತ್ತೋರೆಲ್ಲ ಹೆಚ್ಚುಕಡಿಮೆ ಈ ಕ್ಲಾರ್ಕ್ ಕಂಪನಿಯ ಫೋಮನ್ನೇ ನಂಬಿಕೊಂಡಿದ್ದರು. 2005ರ ಡಿಸೆಂಬರಿನಲ್ಲಿ ಆತ ಒಂದೇ ದಿನಕ್ಕೆ ಬಾಗಿಲು ಹಾಕಿದ. ಕೆತ್ತೋರಿಗೆ ಕೈಗೆ ಫೋಮಿಲ್ಲ. ಥರ್ಮಾಕೋಲ್ ಮತ್ತು ಇಪಾಕ್ಸಿ ಅನ್ನೋ ಇನ್ನೊಂದು ಜಾತಿ ರೆಸಿನ್ ಕಡೆ ಜನ ಹೊರಳಿದ್ದು ಆಗಲೇ ಜಾಸ್ತಿ. ನನಗೂ ಅದೇ ತಾಪತ್ರಯ. ಬೋರ್ಡಿಗೆ ಒಗ್ಗುವ ಪಿಯು ದಿಮ್ಮಿ ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗಬೇಕು? ಎರಡು ಡಬ್ಬಿ ಬೆರೆಸಿ ಉಬ್ಬಿಸೋ ಪಿಯು ತಂದು ಅಚ್ಚಿಗೆ ಸುರಿದು ನೋಡಿದೆ. ಒಳಗೆ ಅಲ್ಲಲ್ಲಿ ತೆಂಗಿನಕಾಯಿ ಗಾತ್ರದ ಪೊಳ್ಳು. ಬಿಟ್ಟುಬಿಟ್ಟೆ.

ಹಾಗಾಗಿ ಥರ್ಮಾಕೋಲ್. ಪಾಲಿಯೆಸ್ಟರ್ ರೆಸಿನ್ ಬಿದ್ದರೆ ಥರ್ಮಾಕೋಲ್ ಕರಗುತ್ತದೆ, ಇಪಾಕ್ಸಿಗೆ ಕರಗೋದಿಲ್ಲ; ಈ ಕೆಲಸದವರಿಗೆಲ್ಲ ಗೊತ್ತು, ನನಗೂ ಗೊತ್ತು. ಆದರೂ ಇಪಾಕ್ಸಿಗೆ ದುಡ್ಡು ಹಾಕೋಕೆ ಮನಸ್ಸು ಬರಲಿಲ್ಲ. ಗಣಪತಿ ಮಂಟಪಕ್ಕೆ ಮಾಡುವ ಹಾಗೆ ಫೆವಿಕಾಲ್ ಬಳಿದು, ಪೇಪರ್ ಅಂಟಿಸಿ, ಮತ್ತೆ ಫೆವಿಕಾಲ್ ಬಳಿದೆ. ಎರಡು ದಿನ ಒಣಗಿಸಿದೆ. ಸಾದಾ ಪಾಲಿಯೆಸ್ಟರ್ ರೆಸಿನ್ ಹಚ್ಚಿದೆ. ಹತ್ತು ನಿಮಿಷ ಎಲ್ಲ ಚಂದ. ಆಮೇಲೆ ಮೂತಿಯ ಹತ್ತಿರ ಸಣ್ಣ ಕುಳಿ ಕಂಡಿತು. ಎಲ್ಲೋ ಒಂದು ಸೂಜಿಮೊನೆಯಷ್ಟು ಜಾಗ ಬಿಟ್ಟುಹೋಗಿತ್ತು ಅಷ್ಟೇ. ರೆಸಿನ್ ಒಳಗಿಂದೊಳಗೇ ತಿನ್ನುತ್ತ ಹೋಯಿತು. ಸಂಜೆಗೆ ಅದರಲ್ಲಿ ಒಂದು ಬಕೆಟ್ ಇಡಬಹುದಿತ್ತು. ಅಲ್ಲಿಗೆ ಮೊದಲ ಆರು ಸಾವಿರ ಹೋಯಿತು.

ಎರಡನೆಯದಕ್ಕೆ ಇಪಾಕ್ಸಿ ತಂದೆ. ಕೆಜಿಗೆ ನಮ್ಮ ರೆಸಿನ್‌ನ ಮೂರು ಪಟ್ಟು ರೇಟು. ಆದರೆ ಬಟ್ಟೆ ತರಲಿಲ್ಲ. ಶೆಡ್ಡಿನಲ್ಲಿದ್ದ 450ರ ಮ್ಯಾಟನ್ನೇ ಹಾಸಿದೆ, ಅಂದರೆ ಗ್ಲಾಸ್ ಎಳೆಯ ತುಂಡುಗಳನ್ನು ಅಂಟಿಸಿದ, ಚದರ ಮೀಟರಿಗೆ 450 ಗ್ರಾಂ ತೂಗುವ ಹಾಸು. ಇಪ್ಪತ್ತು ವರ್ಷದ ಅನುಭವದವನು ಮಾಡಬಾರದ ತಪ್ಪು ಇದು. ಮ್ಯಾಟಿನ ಎಳೆ ಹಿಡಿದಿಡುವ ಅಂಟು ಕರಗೋದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಅನ್ನೋ ದ್ರವದಿಂದ. ಇಪಾಕ್ಸಿಯಲ್ಲಿ ಸ್ಟೈರೀನ್ ಎಲ್ಲಿದೆ? ಮ್ಯಾಟು ಹಪ್ಪಳದ ಹಾಗೆ ಸೆಟೆದು ನಿಂತಿತು. ಅಂಚಿನ ತಿರುವಿಗೆ ಬಾಗಲೇ ಇಲ್ಲ. ರೋಲರ್ ಹೊಡೆದು ಹೊಡೆದು ತೋಳು ಬಿದ್ದುಹೋಯಿತು, ಬೆಳ್ಳಗಿನ ಕಲೆ ಹೋಗಲಿಲ್ಲ. ಎದ್ದ ಕಡೆಯೆಲ್ಲ ಪುಟ್ಟಿ ತುಂಬಿದೆ. ತೂಗಿದರೆ ಹತ್ತು ಕೆಜಿ ಚಿಲ್ಲರೆ. ಅಳಿಯ ಎತ್ತಿ ನೋಡಿ, "ಮಾಮಾ, ಇದನ್ನ ಬಾಗಲಕ್ಕ ಹಚ್ಚಿಬಿಡ್ರಿ" ಅಂದ. ಈಗ ಅದು ಶೆಡ್ಡಿನ ಹಿಂದೆ ಬೆಂಚಾಗಿದೆ. ಗಟ್ಟಿ ಇದೆ.

ನಮ್ಮ ಕೆಲಸದ ಚಾಳಿಯೇ ಇದು. ಗಿರಾಕಿ ವಾಪಸ್ ಬರಬಾರದು ಅಂತ ಇನ್ನೊಂದು ಪದರ ಹಾಕುತ್ತೇವೆ. ಬಂಪರಿಗೆ ಸರಿ. ಬೋರ್ಡಿನಲ್ಲಿ ಪ್ರತಿ ನೂರು ಗ್ರಾಮನ್ನೂ ಗಿರಾಕಿ ನೀರಿನಲ್ಲಿ ಕೈಬೀಸಿ ತೋಳಿನಿಂದ ಎಳೆಯಬೇಕು. ಕಾಲಿಡೋ ಕಡೆ ಚದರ ಮೀಟರಿಗೆ 200 ಗ್ರಾಂ ತೂಗುವ ಗ್ಲಾಸ್ ಬಟ್ಟೆ ಎರಡು ಪದರ, ತಳಕ್ಕೆ ಒಂದು. ಬಟ್ಟೆ ಎಷ್ಟು ತೂಗುತ್ತದೋ ರೆಸಿನ್ನೂ ಅಷ್ಟೇ. ಉಳಿದದ್ದನ್ನು ಸ್ಕ್ವೀಜಿಯಿಂದ, ಅಂದರೆ ರಬ್ಬರ್ ಅಂಚಿನ ಹಲಗೆಯಿಂದ, ನಿರ್ದಾಕ್ಷಿಣ್ಯವಾಗಿ ಹೊರಗೆ ಎಳೆಯಬೇಕು. ದುಡ್ಡು ಕೊಟ್ಟ ರೆಸಿನ್ ನೆಲಕ್ಕೆ ಬೀಳೋದನ್ನು ನೋಡೋಕೆ ನನಗೆ ಮೂರು ಬೋರ್ಡು ಬೇಕಾಯಿತು.

ಥರ್ಮಾಕೋಲಿನಲ್ಲೂ ಜಾತಿ ಇದೆ. ಟಿವಿ ಡಬ್ಬಿಯದು ಬೆರಳಿನಿಂದ ಒತ್ತಿದರೆ ಕುಸಿಯುತ್ತದೆ. ಬೇಕಾದದ್ದು ಘನ ಮೀಟರಿಗೆ 24 ಕೆಜಿ, ಆಚೀಚೆ ಇರುವಂಥದ್ದು. ಅಂಥದ್ದು ಕೊನೆಗೆ ಸಿಕ್ಕಿದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜುಗಳು ಅಲ್ಲಿ ಎಷ್ಟಿವೆ ಗೊತ್ತಲ್ಲ. ಗೋಡೆಗೆ ಹಾಕಿ ಉಳಿದ ದಪ್ಪ ಹಾಳೆಗಳನ್ನು ಒಬ್ಬ ಕಾಂಟ್ರಾಕ್ಟರು ಗೋದಾಮಿನಲ್ಲಿ ಒಟ್ಟಿದ್ದರು. ಅಗ್ಗದಲ್ಲಿ ಕೊಟ್ಟರು. ಯಾಕೆ ಅಗ್ಗ ಅಂತ ಮನೆಗೆ ತಂದು ಉಜ್ಜಿದಾಗ ಗೊತ್ತಾಯಿತು. ಎರಡು ಸೀಜನ್ನಿನ ಮೆಣಸಿನಕಾಯಿ ಧೂಳು ಕೂತಿತ್ತು. ಸ್ಯಾಂಡರ್ ಆನ್ ಮಾಡಿದೆ. ಐದು ನಿಮಿಷದಲ್ಲಿ ನಾನು, ಕೆಲಸದ ಹುಡುಗ, ಪಕ್ಕದ ವೆಲ್ಡಿಂಗ್ ಅಂಗಡಿಯವರು, ಎಲ್ಲರೂ ರಸ್ತೆಯಲ್ಲಿ ಸೀನುತ್ತ ನಿಂತೆವು. ಈಗ ಮೊದಲು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ.

ಹಾಳೆಗಳನ್ನು ಅಂಟಿಸಿ, ನಡುವೆ ಆರು ಎಂಎಂ ಮರೈನ್ ಪ್ಲೈ ಪಟ್ಟಿ ಹಾಕಿ ದಿಮ್ಮಿ ಮಾಡಿಕೊಳ್ಳುತ್ತೇನೆ. ಬಾಗು ಬರೋದಕ್ಕೆ ಎರಡೂ ಕಡೆ ಪ್ಲೈ ಅಚ್ಚು ಹೊಡೆದು ಬಿಸಿ ತಂತಿ ಎಳೆಯೋದು. ತಂತಿ ಹಳೆ ಕರೆಂಟ್ ಒಲೆಯ ಕಾಯಿಲ್ ಬಿಡಿಸಿದ್ದು. ನಮ್ಮ ಬಾಗಿನ ಅಳತೆ ಮಾತ್ರ ಕೇಳಬೇಡಿ. ಅದಕ್ಕೆ ನಾಲ್ಕು ಬೋರ್ಡು ಬಲಿ ಕೊಟ್ಟಿದ್ದೇನೆ. ಅಂಚಿನಲ್ಲಿ ಬಟ್ಟೆ ನೆರಿಗೆ ಬೀಳದ ಹಾಗೆ ಎಲ್ಲಿ ಕತ್ತರಿ ಹಾಕಬೇಕು ಅನ್ನೋದೂ ಶೆಡ್ಡಿನಲ್ಲೇ ಇರಲಿ.

ಒಂದು ಗುಟ್ಟು ಮಾತ್ರ ಬಿಟ್ಟುಕೊಡುತ್ತೇನೆ, ಯಾಕಂದರೆ ಅದು ಗೊತ್ತಿಲ್ಲದೆ ಒಂದಿಡೀ ಬೇಸಿಗೆ ಹಾಳಾಯಿತು. ಬೆಳಿಗ್ಗೆ ಹತ್ತಕ್ಕೆ ರೆಸಿನ್ ಹಚ್ಚುತ್ತಿದ್ದೆ. ಮಧ್ಯಾಹ್ನಕ್ಕೆ ಮೈತುಂಬ ಸಣ್ಣ ಗುಳ್ಳೆ. ರೆಸಿನ್ ಗಟ್ಟಿ ಮಾಡೋ ಹಾರ್ಡನರ್ ಬದಲಿಸಿದೆ, ಅಂಗಡಿ ಬದಲಿಸಿದೆ, ಹುಡುಗನನ್ನು ಬೈದೆ. ಕಾರಣ ಬೇರೆ ಇತ್ತು. ಬಿಸಿಲು ಏರಿದ ಹಾಗೆ ಥರ್ಮಾಕೋಲ್ ಒಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಹಸಿ ರೆಸಿನ್ನನ್ನು ಉಬ್ಬಿಸುತ್ತದೆ. ಸಂಜೆ ಐದರ ಮೇಲೆ, ತಗಡು ತಣ್ಣಗಾಗುವ ಹೊತ್ತಿಗೆ ಹಚ್ಚಿದರೆ ಅದೇ ಗಾಳಿ ಕುಗ್ಗಿ ರೆಸಿನ್ನನ್ನು ಒಳಗೆ ಎಳೆದುಕೊಳ್ಳುತ್ತದೆ. ಗುಳ್ಳೆ ಹೋಯಿತು. ಏಪ್ರಿಲಿನಲ್ಲಿ ಇನ್ನೊಂದು ಕಾಟ. ಮಗ್ಗಿನಲ್ಲಿ ಅರ್ಧ ಕೆಜಿ ಇಪಾಕ್ಸಿ ಕಲಸಿಟ್ಟು ಫೋನ್ ಎತ್ತಿದೆ. ತಿರುಗಿ ನೋಡುವಷ್ಟರಲ್ಲಿ ಮಗ್ಗು ಹೊಗೆಯಾಡುತ್ತಿತ್ತು, ತಳ ಕರಗಿ ಜೋತುಬಿದ್ದಿತ್ತು. ಗಟ್ಟಿಯಾಗುವಾಗ ಅದು ತಾನೇ ಬಿಸಿಯಾಗುತ್ತದೆ, ಹಾಗಾಗಿ ಈಗ ಅಗಲ ತಟ್ಟೆಯಲ್ಲಿ ಕಲಸುತ್ತೇನೆ, ಸ್ವಲ್ಪ ಸ್ವಲ್ಪ. ಕೊನೆ ಕೋಟಿಗೆ ನಮ್ಮ ಹುಬ್ಬಳ್ಳಿ ಧೂಳು ಕೂರಬಾರದು ಅಂತ ನೆಲಕ್ಕೆ ನೀರು ಚಿಮುಕಿಸಿ, ಸೊಳ್ಳೆ ಪರದೆ ಕಟ್ಟುತ್ತೇನೆ.

ನಡುವೆ ಬೇರೆ ಹುಚ್ಚುಗಳೂ ಬಂದವು. ಗ್ಲಾಸ್ ಬಟ್ಟೆ ಬದಲು ಗೋಣಿತಾಟು ಹಾಕಿದರೆ ಹೇಗೆ ಅಂತ ಒಂದು ತುಂಡಿನ ಮೇಲೆ ನೋಡಿದೆ. ಬೇಸಿಗೆಯಲ್ಲಿ ಉಳುಮೆ ಮುಗಿಸಿ ಬಂದ ಎತ್ತು ನೀರು ಕುಡಿದ ಹಾಗೆ ರೆಸಿನ್ ಕುಡಿಯಿತು. ಕಥೆ ಮುಗಿಯಿತು.

ಖಣದ ಪ್ರಯೋಗ ಮಾತ್ರ ಗೆದ್ದಿತು. ಗ್ಲಾಸಿನ ಕೆಳಗೆ ಬಣ್ಣದ ಅರಿವೆ ಹಾಸೋದು ಸರ್ಫ್ ಬೋರ್ಡಿನವರಲ್ಲಿ ಇರುವ ಪದ್ಧತಿಯೇ. ನಮ್ಮಲ್ಲಿ ಗುಳೇದಗುಡ್ಡದ ಖಣ ಇರುವಾಗ ಬೇರೆ ಯಾಕೆ? ಮನೆಯಲ್ಲಿ ಟ್ರಂಕಿನಿಂದ ಒಂದು ಕೆಂಪು ಖಣ ತಂದೆ, ಕೇಳದೆ. ರೆಸಿನ್ ಬಿದ್ದ ಕೂಡಲೇ ಅರಿವೆ ಗಾಜಿನ ಹಾಗಾಗಿ ಕೆಳಗಿರುವುದೆಲ್ಲ ಕಾಣತೊಡಗಿತು. ನಾನು ಪುಟ್ಟಿ ತುಂಬಿದ್ದ ಮೂರು ಕಡೆ ಕಂದು ಕಲೆ, ಸಾರು ಚೆಲ್ಲಿದ ಹಾಗೆ. ಎರಡನೇ ಸಲ ಮೊದಲು ಬಿಳಿ ಪಿಗ್ಮೆಂಟ್ ಬೆರೆಸಿದ ತೆಳು ಕೋಟು ಕೊಟ್ಟು, ಅದರ ಮೇಲೆ ಹಾಸಿದೆ. ಕೆಂಪು ಸ್ವಲ್ಪ ಗಾಢವಾಯಿತು, ಹೊಳಪು ಬಂತು. ಮನೆಯಲ್ಲಿ ಮೂರು ದಿನ ಮಾತಿರಲಿಲ್ಲ.

ಐದನೇ ಬೋರ್ಡು ಗಿರಾಕಿಯದು. ಬೆಂಗಳೂರಿನಿಂದ ಅಳಿಯನ ಹತ್ತಿರ ಬರುವ ಒಬ್ಬರು, 92 ಕೆಜಿ. ಅವರು ಕೊಂಡಿದ್ದ ಫ್ಯಾಕ್ಟರಿ ಬೋರ್ಡು ಏಳಡಿ ಎರಡಿಂಚು, ಗಾತ್ರ 45 ಲೀಟರ್ ಹತ್ತಿರ; ಲೀಟರ್ ಜಾಸ್ತಿ ಇದ್ದಷ್ಟೂ ಜಾಸ್ತಿ ಭಾರ ತೇಲಿಸುತ್ತದೆ. ಕೈಗೆ ಬರುವಷ್ಟರಲ್ಲಿ ಸುಮಾರು ನಲವತ್ತೈದು ಸಾವಿರ ಬಿತ್ತು ಅಂದರು. ಅದರ ಕೆಲಸ ನೋಡಿದರೆ ಕೈ ಮುಗಿಯಬೇಕು. ಥಾಯ್ಲೆಂಡಿನ ಕೋಬ್ರಾದಂಥ ಕಾರ್ಖಾನೆಗಳಲ್ಲಿ ಅನೇಕ ಬ್ರ್ಯಾಂಡುಗಳ ಬೋರ್ಡು ಅಚ್ಚಿನಲ್ಲಿ ಒತ್ತಿ ತೆಗೆಯುತ್ತಾರೆ. ಒಂದರ ಹಾಗೆ ಇನ್ನೊಂದು. ಚರ್ಮ ಎಷ್ಟು ಗಟ್ಟಿ ಅಂದರೆ ನನ್ನದಕ್ಕೆ ಆ ಗಟ್ಟಿತನ ಇಲ್ಲ, ಒಪ್ಪಿಕೊಳ್ಳುತ್ತೇನೆ. ಕಲಿಯೋ ಮಕ್ಕಳಿಗೆ ಮೆತ್ತನೆ ಮೇಲ್ಮೈಯ ಫ್ಯಾಕ್ಟರಿ ಬೋರ್ಡೇ ಸರಿ, ಆ ತಂಟೆಗೆ ನಾನು ಹೋಗೋದಿಲ್ಲ. ಆದರೆ ಆ ಅಚ್ಚು ಯಾವುದೋ ಜೋರು ಅಲೆಯ ಊರಿಗೆ, ಯಾರೋ ಹಗುರ ಮನುಷ್ಯನಿಗೆ ಹೊಡೆದದ್ದು. ಮೂತಿ ಜಾಸ್ತಿ ಎದ್ದಿತ್ತು. ಗೋಕರ್ಣದಲ್ಲಿ ಮಳೆಗಾಲ ಬಿಟ್ಟರೆ ಅಲೆ ಬಹಳ ದಿನ ಸಣ್ಣದು, ಸಡಿಲ. ಎದ್ದ ಮೂತಿ ನೀರನ್ನು ತಳ್ಳುತ್ತ ನಿಲ್ಲುತ್ತದೆ, ಅಲೆ ಕೆಳಗಿಂದ ಜಾರಿ ಹೋಗುತ್ತದೆ. ಇದನ್ನು ನಾನು ದಂಡೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತ ಎರಡು ದಿನ ನೋಡಿದ್ದೇನೆ.

ಅವರಿಗೆ ಏಳೂವರೆ ಅಡಿ ಉದ್ದ, 22 ಇಂಚು ಅಗಲ, ಮೂರು ಇಂಚು ದಪ್ಪ ಹಿಡಿದೆ. 53 ಲೀಟರ್ ಆಯಿತು. ಮೂತಿಯ ಬಾಗು ಇಳಿಸಿದೆ, ಎದೆ ಬರುವ ಕಡೆ ದಪ್ಪ ಬಿಟ್ಟೆ.

ಪರೀಕ್ಷೆ ಎಲ್ಲಿ? ಕುಂದಗೋಳದಲ್ಲಿ ಮಾವನವರ ಹೊಲದ ಕೃಷಿಹೊಂಡದಲ್ಲಿ. ಅಡಿಗೆ ಪ್ಲಾಸ್ಟಿಕ್ ಹಾಳೆ ಇದೆ, ಅದು ಹರಿಯದ ಹಾಗೆ ಬೋರ್ಡಿನ ತಳದ ರೆಕ್ಕೆ (ಫಿನ್) ಹಾಕದೆ ನೀರಿಗೆ ಬಿಡಬೇಕು. ಮಾವನವರು ದಂಡೆ ಮೇಲೆ ಬಡಿಗೆ ಹಿಡಿದು ನಿಂತಿದ್ದರು. "ಅಳಿಯಂದ್ರ, ಹಾಳಿ ಹರದ್ರ ಹೊಸಾದು ನೀವ ಹಾಕಿಸ್ಬೇಕ್ ನೋಡ್ರಿ." ನಾನು 68 ಕೆಜಿ. ಉಳಿದ 24ಕ್ಕೆ ಉಸುಕು ತುಂಬಿದ ಎರಡು ಸಣ್ಣ ಚೀಲ ಬೆನ್ನಿಗೆ ಒಂದು, ಸೊಂಟಕ್ಕೆ ಒಂದು ಕಟ್ಟಿಕೊಂಡು ಬೋರ್ಡಿನ ಮೇಲೆ ಬೋರಲು ಮಲಗಿದೆ. ಮೊದಲ ಸಲ ಮಗುಚಿತು, ಚೀಲದ ಸಮೇತ ಮುಳುಗಿ ಎದ್ದೆ. ಎಮ್ಮೆ ಮೇಯಿಸೋ ಹುಡುಗ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ನಾಲ್ಕನೇ ಸಲ ಸರಿಯಾಗಿ ನಿಂತಿತು. ಮೂತಿ ನೀರಿಂದ ಎರಡು ಬೆರಳು ಮೇಲೆ, ಬಾಲ ನೀರಿಗೆ ಸಮ. ಅಲ್ಲೇ ಎದೆಯ ಜಾಗಕ್ಕೆ ಮಾರ್ಕರಿನಿಂದ ಗೆರೆ ಹಾಕಿದೆ. ಮಾವನವರು, "ಹೊಂಡದಾಗಿನ ಮೀನಿಗೆ ಏನೂ ಆಗ್ಲಿಲ್ಲಲ್ಲ?" ಅಂದರು.

ತೂಕ 4 ಕೆಜಿ 600 ಬಂತು. ನಾನು ಹಿಂದೆ ರಿಪೇರಿ ಮಾಡಿದ್ದ ಅದೇ ಅಳತೆಯ ಫ್ಯಾಕ್ಟರಿ ಬೋರ್ಡು 4 ಕೆಜಿ 300 ಇತ್ತು ಅಂತ ನೆನಪು. ಮುನ್ನೂರು ಗ್ರಾಮಿನ ಸೋಲನ್ನು ಗೆಲುವು ಅಂತಲೇ ಲೆಕ್ಕ ಹಿಡಿದಿದ್ದೇನೆ.

ಟಾಟಾ ಏಸಿನಲ್ಲಿ ಎರಡು ಹಾಸಿಗೆ ನಡುವೆ ಕಟ್ಟಿ ಕಳಿಸಿದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವವರೆಗೆ ಡ್ರೈವರಿಗೆ ಮೂರು ಸಲ ಫೋನ್ ಮಾಡಿದೆ. "ಅಣ್ಣಾರ, ಹೆಣ ಒಯ್ದಂಗ ಒಯ್ಯಾಕತ್ತೀನ್ರಿ, ಚಿಂತಿ ಬಿಡ್ರಿ" ಅಂದ. ಅದರ ಮರುದಿನದ ಫೋನೇ ಮೇಲೆ ಹೇಳಿದ್ದು. ಹಳೇ ಬೋರ್ಡಿನಲ್ಲಿ ಅಲೆ ಹಿಡಿಯೋಕೆ ಅಳಿಯ ಹಿಂದಿನಿಂದ ತಳ್ಳಬೇಕಾಗುತ್ತಿತ್ತಂತೆ. ಇದರಲ್ಲಿ ಅವರೇ ಕೈಬೀಸಿ ಹಿಡಿದರು. ಆದರೆ ತಿರುವು ನಿಧಾನ, ಅದೂ ನಿಜ. ದಪ್ಪ ಅಂಚು ನೀರನ್ನು ಕಚ್ಚೋದಿಲ್ಲ. ಮುಂದಿನದರಲ್ಲಿ ಬಾಲದ ಕಡೆ ಅಂಚು ತೆಳು ಮಾಡಿದೆ.

ದುಡ್ಡಿನ ಲೆಕ್ಕ: ಸಾಮಾನು ಒಂಬತ್ತೂವರೆ ಸಾವಿರ, ಅದರಲ್ಲಿ ಇಪಾಕ್ಸಿಯೇ ಮೂರೂವರೆ. ನನ್ನದೂ ಹುಡುಗನದೂ ಐದು ದಿನ. ಹದಿನೇಳು ಸಾವಿರಕ್ಕೆ ಕೊಟ್ಟೆ. ಅದೇ ಐದು ದಿನ ಬಂಪರ್ ಮಾಡಿದ್ದರೆ ಜಾಸ್ತಿ ಉಳಿಯುತ್ತಿತ್ತು. ರಿಪೇರಿ ಮಾತ್ರ ಒಳ್ಳೆ ಲಾಭ. ಅಕ್ಟೋಬರಿನಿಂದ ಮೇವರೆಗೆ ತಿಂಗಳಿಗೆ ಹತ್ತು ಹನ್ನೆರಡು ಬೋರ್ಡು ಬರುತ್ತವೆ. ದಕ್ಷಿಣದ ಕಡೆ ಮೂಲ್ಕಿ, ಸಸಿಹಿತ್ಲುವಿನಲ್ಲಿ ಈ ಆಟ ಇನ್ನೂ ದೊಡ್ಡದು. ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೇ ನಡೆದಿವೆ. ಅಲ್ಲಿಯವರೆಗೆ ಕಳಿಸೋಕೆ ಸಾಗಣೆ ಖರ್ಚು ಹೊಂದಬೇಕು, ನೋಡೋಣ.

ಈಗ ಎರಡು ಆರ್ಡರ್ ಕೈಯಲ್ಲಿವೆ. ಒಂದು ಹುಡುಗಿಗೆ, 54 ಕೆಜಿ, ಆರು ಅಡಿ ಎಂಟು. ಇನ್ನೊಂದಕ್ಕೆ ಎದುರು ಶೆಡ್ಡಿನ ಗೆಳೆಯನೇ ಪಾಲು ಕೇಳಿದ್ದಾನೆ, ಉಜ್ಜುವ ಕೆಲಸ ಕೊಟ್ಟಿದ್ದೇನೆ. ಮೆಣಸಿನಕಾಯಿ ಧೂಳಿನ ವಿಷಯ ಇನ್ನೂ ಹೇಳಿಲ್ಲ. ಹುಡುಗಿಯ ಬೋರ್ಡಿಗೆ ಖಣ ಬೇಕಂತೆ. ಈ ಸಲ ಹೆಂಡತಿಯೇ ಅಂಗಡಿಗೆ ಬಂದು ಹಸಿರಿನದೊಂದು ಆರಿಸಿಕೊಟ್ಟಳು. ಅದರ ಜೊತೆಗೆ ತನಗೂ ನಾಲ್ಕು ಆರಿಸಿದಳು. ಐದರ ಬಿಲ್ಲನ್ನೂ ಬೋರ್ಡಿನ ಖರ್ಚಿಗೇ ಬರೆದುಕೊಂಡಿದ್ದೇನೆ.