ಸಣ್ಣ ಪಕ್ಷದಿಂದ ವಿಧಾನಸಭೆಗೆ ನಿಲ್ಲೋದು ಹೇಗೆ?

ಮೊದಲು ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ ಅವರನ್ನು ನೆನಪಿಸಿಕೊಳ್ಳಿ. 1994ರಲ್ಲಿ ರೈತ ಸಂಘದಿಂದ ಪಾಂಡವಪುರದಲ್ಲಿ ಗೆದ್ದರು. ಮತ್ತೆ ಗೆದ್ದಿದ್ದು 2013ರಲ್ಲಿ, ಮೇಲುಕೋಟೆಯಿಂದ, ಸರ್ವೋದಯ ಕರ್ನಾಟಕ ಪಕ್ಷದಿಂದ. ನಡುವೆ 19 ವರ್ಷ! ಅಷ್ಟು ದಿನವೂ ಚಳವಳಿ ಬಿಡಲಿಲ್ಲ, ಅದೇ ಅವರ ಬಂಡವಾಳ. ಹಾಗಾಗಿ ಚುನಾವಣೆ ಬಂದಾಗ ಮಾತ್ರ ಊರಿಗೆ ಹೋಗಬೇಡಿ.

ಇನ್ನು ನಾಮಪತ್ರ. ಎಡವೋದು ಜಾಸ್ತಿ ಇಲ್ಲೇ. ಚುನಾವಣಾ ಆಯೋಗದ ಮಾನ್ಯತೆ ಇರೋ ದೊಡ್ಡ ಪಕ್ಷದವರಿಗೆ ಒಬ್ಬ ಸೂಚಕ (ಅಭ್ಯರ್ಥಿಯ ಹೆಸರು ಸೂಚಿಸಿ ಸಹಿ ಹಾಕುವವರು) ಸಾಕು, ಮಾನ್ಯತೆ ಇಲ್ಲದ ಪಕ್ಷದವರಿಗೆ 10 ಜನ ಬೇಕು, ಅದೂ ಅದೇ ಕ್ಷೇತ್ರದ ಮತದಾರರೇ ಆಗಿರಬೇಕು. ಅವರ ಹೆಸರಿನ ಮುಂದೆ ಮತದಾರರ ಪಟ್ಟಿಯ ಭಾಗದ ಸಂಖ್ಯೆ, ಕ್ರಮ ಸಂಖ್ಯೆ ಬರೆಯಬೇಕು, ಇದನ್ನು ಹೊಸ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಬೆರಳಿಟ್ಟು ಓದಿ ನೋಡಿ, ಹಳೇ ಪಟ್ಟಿ ನಂಬಬೇಡಿ. ಹತ್ತೇ ಜನ ಅಂತ ಕೂರದೆ ಇನ್ನಿಬ್ಬರನ್ನು ಜೊತೆಗಿಟ್ಟುಕೊಳ್ಳಿ, ಕೊನೇ ಗಳಿಗೆಯಲ್ಲಿ ಯಾರಾದರೂ ಹಿಂದೆ ಸರಿಯಬಹುದು ಅಲ್ವಾ? ನೀವು ಪಕ್ಷದ ಅಧಿಕೃತ ಅಭ್ಯರ್ಥಿ ಅಂತ ತೋರಿಸೋ ಎ, ಬಿ ಫಾರಂಗಳಿಗೆ ಶಾಯಿಯಲ್ಲೇ ಸಹಿ ಇರಬೇಕು, ಸೀಲು ಒತ್ತಿದ ಸಹಿ ನಡೆಯಲ್ಲ.

ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಸೋತರೂ ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಂದರೆ ದುಡ್ಡು ವಾಪಸ್. ಖರ್ಚಿಗೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಿ, ಸೋತವರೂ ಕೊಡಲೇಬೇಕು.

ಚಿಹ್ನೆ ಸಿಕ್ಕ ದಿನವೇ ಅದನ್ನು ಹಿಡಿದು ಮನೆಮನೆಗೆ ಹೊರಡಿ. ಪ್ರಚಾರಕ್ಕೆ ಉಳಿಯೋದು ಸುಮಾರು ಎರಡೇ ವಾರ.