ಕಾರಿನ ಗಾಜಿಗೆ ಫಿಲ್ಮ್ ಹಾಕಿಸುವ ಮುನ್ನ

ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಪಿ.ಬಿ. ರಸ್ತೆಯ ಬದಿ ನಿಲ್ಲಿಸಿದ ಕಾರಿನ ಸ್ಟೇರಿಂಗ್ ಮುಟ್ಟಲಾಗದಷ್ಟು ಕಾಯುವಾಗ ಗಾಜಿಗೆ ಕಪ್ಪು ಫಿಲ್ಮ್ ಹಾಕಿಸುವ ಯೋಚನೆ ಬರುವುದು ಸಹಜ. ಆದರೆ ಶಾಖದ ದೊಡ್ಡ ಪಾಲು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದ್ದಾದ್ದರಿಂದ, ಅವನ್ನು ತಡೆಯದ ಫಿಲ್ಮ್ ಎಷ್ಟೇ ಕಪ್ಪಾಗಿದ್ದರೂ ತಂಪು ಅಷ್ಟಕ್ಕಷ್ಟೇ. ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜು ಕನಿಷ್ಠ ಶೇ 70, ಪಕ್ಕದವು ಶೇ 50ರಷ್ಟು ಬೆಳಕು ಬಿಡಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮನ್ನು ನಿಷೇಧಿಸಿತು. ತಿದ್ದುಪಡಿಯಾದ ನಿಯಮದಂತೆ ಈ ಮಿತಿಯೊಳಗಿನ ಫಿಲ್ಮ್‌ಗೆ ಅಡ್ಡಿಯಿಲ್ಲವೆಂದು ಕೇರಳ ಹೈಕೋರ್ಟ್ 2024ರಲ್ಲಿ ಹೇಳಿದೆಯಾದರೂ, ತಪಾಸಣೆಗೆ ನಿಂತ ಪೊಲೀಸರೆದುರು ಆ ವಾದ ಹೂಡುವುದು ಅಂಗಡಿಯವರು ಹೇಳಿದಷ್ಟು ಸುಲಭವಲ್ಲ. ಕಾರು ಹೆಚ್ಚಾಗಿ ನೆರಳಿನಲ್ಲೇ ನಿಲ್ಲುವುದಾದರೆ ಫಿಲ್ಮ್ ಬೇಡವೆಂದೇ ನನ್ನ ಅಭಿಪ್ರಾಯ. ಹಾಕಿಸಲೇಬೇಕೆಂದರೆ ಶಾಖ ತಡೆಯುವ ತಿಳಿ ಫಿಲ್ಮನ್ನೇ ಆರಿಸಿ, ಬೆಳಕಿನ ಪ್ರಮಾಣವನ್ನು ಬಿಲ್ಲಿನಲ್ಲಿ ಬರೆಸಿಕೊಂಡು, ಆ ಬಿಲ್ಲನ್ನು ಕಾರಿನಲ್ಲೇ ಇಟ್ಟುಕೊಳ್ಳಿ.